ಯುದ್ಧದ ಸುದ್ದಿಯಲ್ಲಿ ಯಾರ ಮಾತನ್ನು ಎಷ್ಟು ನಂಬಬೇಕು: ಹಂತ ಹಂತವಾಗಿ ನೋಡುವ ಕ್ರಮ

ಎಲ್ಲಾದರೂ ಯುದ್ಧ ಶುರುವಾದರೆ ಸಾಕು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಈ ಚಾನೆಲ್ ನಂಬಬಹುದಾ?" ಅಲ್ಲೇ ಕೆಲಸ ಕೆಡುತ್ತದೆ. ಸೇನೆಯ ವಕ್ತಾರ, ಸರ್ಕಾರಿ ಟಿವಿ, ಬಂಡುಕೋರರ ಟೆಲಿಗ್ರಾಂ ಚಾನೆಲ್, ಸ್ಟುಡಿಯೊದಲ್ಲಿ ಕೂತು ಕೂಗುವ ಆ್ಯಂಕರ್, ಎಲ್ಲರೂ ಯಾವುದೋ ಒಂದು ಕಡೆಯವರೇ. ಆದರೆ ಒಂದು ಕಡೆಯವರು ಹೇಳಿದ್ದೆಲ್ಲ ಸುಳ್ಳೂ ಅಲ್ಲ, ನಮ್ಮ ಕಡೆಯವರು ಹೇಳಿದ್ದೆಲ್ಲ ನಿಜವೂ ಅಲ್ಲ. ಹಾಗಾಗಿ ಚಾನೆಲಿಗೆ ಮಾರ್ಕ್ಸ್ ಕೊಡುವುದನ್ನು ಬಿಟ್ಟು, ಅದು ಹೇಳಿದ ಒಂದೊಂದು ಮಾತನ್ನು ಬೇರೆ ಬೇರೆಯಾಗಿ ತೂಗಬೇಕು.

ಉದಾಹರಣೆಗಳನ್ನು ಜಾಸ್ತಿ 2025ರ ಮೇ ತಿಂಗಳ ಭಾರತ-ಪಾಕಿಸ್ತಾನ ಸಂಘರ್ಷದಿಂದ ತೆಗೆದುಕೊಂಡಿದ್ದೇನೆ. ನಾವೆಲ್ಲ ರಾತ್ರಿ ನಿದ್ದೆಗೆಟ್ಟು ನೋಡಿದ್ದು ಅದನ್ನೇ ಅಲ್ವಾ. ಅಲ್ಲಲ್ಲಿ ಉಕ್ರೇನ್ ಮತ್ತು ಗಾಜಾದ ಉದಾಹರಣೆಗಳೂ ಬರುತ್ತವೆ.

## ಮೊದಲು ಕೈಯಲ್ಲಿ ಇರಬೇಕಾದ್ದು

ದುಡ್ಡು ಕೊಟ್ಟು ಕೊಳ್ಳುವಂಥದ್ದು ಏನೂ ಇಲ್ಲ. ಚಿತ್ರ ಹುಡುಕಲು ಗೂಗಲ್ ಲೆನ್ಸ್, ಯಾಂಡೆಕ್ಸ್, ಟಿನ್‌ಐ. ವಿಡಿಯೊವನ್ನು ಚೂರು ಚೂರು ಫ್ರೇಮ್ ಮಾಡಿಕೊಡುವ ಇನ್‌ವಿಡ್ ಅನ್ನುವ ಬ್ರೌಸರ್ ಎಕ್ಸ್‌ಟೆನ್ಷನ್. ಜಾಗ ನೋಡಲು ಗೂಗಲ್ ಅರ್ಥ್. ಉಪಗ್ರಹ ಚಿತ್ರಕ್ಕೆ ಕೋಪರ್ನಿಕಸ್ ಬ್ರೌಸರ್, ಬೆಂಕಿ ಎಲ್ಲಿ ಬಿದ್ದಿದೆ ಎಂದು ನೋಡಲು ನಾಸಾದ ಫರ್ಮ್ಸ್ ನಕ್ಷೆ. ಅಳಿಸಿಹಾಕಿದ ಪುಟ ಹುಡುಕಲು ವೇಬ್ಯಾಕ್ ಮಷೀನ್. ಇವೆಲ್ಲದರ ಜೊತೆಗೆ ಒಂದು ನೋಟ್‌ಬುಕ್ ಮತ್ತು ಪೆನ್ಸಿಲ್ ಬೇಕೇ ಬೇಕು. ಯಾಕೆಂದು ಕೊನೆಯ ಹಂತದಲ್ಲಿ ಹೇಳುತ್ತೇನೆ.

ಗಡಿಯಾರದ ಲೆಕ್ಕವೂ ಗೊತ್ತಿರಲಿ. ಪಾಕಿಸ್ತಾನ ನಮಗಿಂತ ಅರ್ಧ ಗಂಟೆ ಹಿಂದೆ. ಉಕ್ರೇನ್ ಮತ್ತು ಗಾಜಾ ಬೇಸಿಗೆಯಲ್ಲಿ ಎರಡೂವರೆ ಗಂಟೆ, ಚಳಿಗಾಲದಲ್ಲಿ ಮೂರೂವರೆ ಗಂಟೆ ಹಿಂದೆ. ಎಕ್ಸ್‌ನಲ್ಲಿ ಕಾಣುವ ಸಮಯ ನಿಮ್ಮ ಫೋನಿನ ಸಮಯ, ಘಟನೆ ನಡೆದ ಊರಿನದ್ದಲ್ಲ. ಇದೊಂದನ್ನು ಮರೆತು "ದಾಳಿಗೆ ಮೊದಲೇ ಪೋಸ್ಟ್ ಹಾಕಿದ್ದಾರೆ, ಇದು ಪಿತೂರಿ" ಎಂದು ವಾದಿಸುವವರು ಪ್ರತಿ ಯುದ್ಧದಲ್ಲೂ ಸಿಗುತ್ತಾರೆ.

## ಹಂತ 1: ಸುದ್ದಿಯನ್ನು ಒಡೆದು ಬರೆದುಕೊಳ್ಳಿ

ಹೆಡ್‌ಲೈನನ್ನು ಹಾಗೇ ಪರೀಕ್ಷೆ ಮಾಡಲು ಆಗುವುದಿಲ್ಲ. "ಕರಾಚಿ ಬಂದರು ಉಡೀಸ್" ಎಂಬ ಸಾಲಿನಲ್ಲಿ ಯಾರು ಹೊಡೆದರು, ಯಾವಾಗ, ಯಾವುದರಿಂದ, ಬಂದರಿನ ಯಾವ ಭಾಗಕ್ಕೆ ಅನ್ನುವ ಒಂದೂ ಇಲ್ಲ. ಮೊದಲು ಅಡ್ಡಗೆರೆ ಎಳೆದು ಬರೆಯಿರಿ. ದಾಳಿ ಆಗಿದೆಯಾ? ನೌಕಾಪಡೆ ಮಾಡಿದ್ದಾ? ಬಂದರಿಗೆ ಹಾನಿ ಆಗಿದೆಯಾ? ಎಷ್ಟು? ನಾಲ್ಕು ಪ್ರಶ್ನೆ, ನಾಲ್ಕು ಬೇರೆ ಬೇರೆ ಉತ್ತರ.

ಒಂದರಲ್ಲೂ ಉತ್ತರ ತುಂಬಲು ಆಗದಿದ್ದರೆ ಅದು ಸುದ್ದಿಯೇ ಅಲ್ಲ, ಬರೀ ಕೂಗು. ಅಲ್ಲಿಗೇ ನಿಲ್ಲಿಸಿ, ಮುಂದಿನ ಹಂತಗಳ ಶ್ರಮ ಉಳಿಯುತ್ತದೆ.

## ಹಂತ 2: ಮೊದಲು ಹೇಳಿದವರು ಯಾರು ಎಂದು ಹಿಂದಕ್ಕೆ ಹೋಗಿ

"ಎಲ್ಲಾ ಚಾನೆಲ್‌ನಲ್ಲೂ ಬರ್ತಾ ಇದೆ" ಎನ್ನುವುದು ಸಾಕ್ಷಿ ಅಲ್ಲ. ಕನ್ನಡ ಚಾನೆಲ್ ದೆಹಲಿಯ ಹಿಂದಿ ಚಾನೆಲನ್ನು ನೋಡಿ ಹೇಳುತ್ತದೆ, ಹಿಂದಿ ಚಾನೆಲ್ ಎಕ್ಸ್‌ನಲ್ಲಿ ಯಾರೋ ಹಾಕಿದ್ದನ್ನು ಹೇಳುತ್ತದೆ, ಆ ಯಾರೋ ಇನ್ನೊಂದು ಚಾನೆಲ್‌ನ ಸ್ಕ್ರೀನ್‌ಶಾಟ್ ಹಾಕಿರುತ್ತಾನೆ. ಹತ್ತು ಕಡೆ ಬಂದರೂ ಮೂಲ ಒಂದೇ, ಕೆಲವೊಮ್ಮೆ ಅದೂ ಇರುವುದಿಲ್ಲ.

ಎಕ್ಸ್‌ನ ಸರ್ಚ್‌ನಲ್ಲಿ ದಿನಾಂಕ ಹಾಕಿ ಹುಡುಕುವ ಸೌಲಭ್ಯ ಇದೆ, ಅದನ್ನು ಬಳಸಿ ಅತಿ ಹಳೆಯ ಪೋಸ್ಟ್‌ವರೆಗೆ ಹೋಗಿ. ಪ್ರತಿ ಮೆಟ್ಟಿಲಲ್ಲೂ ವಾಕ್ಯ ಹೇಗೆ ಬದಲಾಗಿದೆ ಎಂದು ಗಮನಿಸಿ. ಕೆಳಗಿನ ಮೆಟ್ಟಿಲಲ್ಲಿ "ದೊಡ್ಡ ಸದ್ದು ಕೇಳಿದೆ" ಅಂತಿದ್ದದ್ದು ಮೇಲೆ ಬರುವಾಗ "ಸ್ಫೋಟ", ಇನ್ನೂ ಮೇಲೆ "ಧ್ವಂಸ" ಆಗಿರುತ್ತದೆ.

ದೊಡ್ಡ ಸಂಸ್ಥೆಗಳೂ ಇಲ್ಲೇ ಎಡವಿವೆ. 2022ರ ನವೆಂಬರ್ 15ರಂದು ಪೋಲೆಂಡ್‌ನ ಗಡಿ ಹಳ್ಳಿಯೊಂದಕ್ಕೆ ಕ್ಷಿಪಣಿ ಬಿದ್ದು ಇಬ್ಬರು ಸತ್ತರು. ರಷ್ಯಾದ ಕ್ಷಿಪಣಿ ನ್ಯಾಟೊ ದೇಶದೊಳಗೆ ಬಂತು ಎಂದು ಎಪಿ ಸುದ್ದಿಸಂಸ್ಥೆ ಒಬ್ಬನೇ ಒಬ್ಬ ಹೆಸರಿಲ್ಲದ ಅಮೆರಿಕನ್ ಗುಪ್ತಚರ ಅಧಿಕಾರಿಯ ಮಾತಿನ ಮೇಲೆ ಹೇಳಿತು, ಜಗತ್ತೆಲ್ಲ ಅದನ್ನೇ ಎತ್ತಿಕೊಂಡಿತು. ಅದು ಉಕ್ರೇನ್‌ನದೇ ವಾಯುರಕ್ಷಣಾ ಕ್ಷಿಪಣಿ ಇರಬೇಕು ಎಂದು ಪೋಲೆಂಡ್ ಮತ್ತು ನ್ಯಾಟೊ ಮರುದಿನವೇ ಹೇಳಿದವು. ಎಪಿ ಸುದ್ದಿ ಹಿಂತೆಗೆದುಕೊಂಡಿತು.

## ಹಂತ 3: ಅವರಿಗೆ ಗೊತ್ತಾಗಲು ದಾರಿ ಇತ್ತಾ ಎಂದು ಕೇಳಿ

ಹೇಳಿದವರು ಯಾರೆಂದು ಸಿಕ್ಕಿತು. ಈಗ ಅವರು ಅಲ್ಲಿ ಇದ್ದರಾ? ಇದ್ದರೂ ಎಷ್ಟು ಕಾಣುತ್ತಿತ್ತು?

2022ರಲ್ಲಿ ಖಾರ್ಕೀವ್‌ನ ಬಂಕರ್‌ಗಳಿಂದ ನಮ್ಮ ಮೆಡಿಕಲ್ ವಿದ್ಯಾರ್ಥಿಗಳು ಮನೆಗೆ ವಿಡಿಯೊ ಕಳಿಸುತ್ತಿದ್ದರು. ಅವರ ಬೀದಿಯಲ್ಲಿ ಶೆಲ್ ಬಿತ್ತು, ಅಂಗಡಿ ಮುಚ್ಚಿದೆ, ರೈಲು ಹತ್ತಲು ಬಿಡುತ್ತಿಲ್ಲ ಎಂದರೆ ನಂಬಬಹುದು. ಅದೇ ಹುಡುಗ "ರಷ್ಯಾ ಇಡೀ ನಗರ ಹಿಡಿಯಿತು" ಎಂದರೆ ಅದು ಅವನೂ ಯಾರಿಂದಲೋ ಕೇಳಿದ್ದು. ಪ್ರತ್ಯಕ್ಷದರ್ಶಿಯ ಮಾತಿಗೆ ಬೆಲೆ ಇರುವುದು ಅವನ ಕಣ್ಣಿಗೆ ಕಂಡಷ್ಟಕ್ಕೆ ಮಾತ್ರ.

ಸೇನೆಯ ವಕ್ತಾರರಿಗೆ ತಮ್ಮ ಕಡೆ ಏನಾಯಿತು ಎಂದು ಗೊತ್ತಿರುತ್ತದೆ, ಆದರೆ ಹೇಳಲು ಇಷ್ಟ ಇರುವುದಿಲ್ಲ. ಶತ್ರುವಿಗೆ ಏನಾಯಿತು ಎಂದು ಹೇಳಲು ತುಂಬಾ ಇಷ್ಟ, ಆದರೆ ಪೂರ್ತಿ ಗೊತ್ತಿರುವುದಿಲ್ಲ. ಈ ಎರಡು ವಾಕ್ಯಗಳನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದಿಡಿ. ಐದು ಭಾರತೀಯ ವಿಮಾನ ಹೊಡೆದಿದ್ದೇವೆ ಎಂದ ಪಾಕಿಸ್ತಾನದ ರಕ್ಷಣಾ ಸಚಿವ ಖವಾಜಾ ಆಸಿಫ್ ಅವರನ್ನು ಸಿಎನ್‌ಎನ್ ಸಾಕ್ಷಿ ಕೇಳಿದಾಗ, ಎಲ್ಲಾ ಸೋಶಿಯಲ್ ಮೀಡಿಯಾದಲ್ಲೇ ಇದೆಯಲ್ಲ ಎಂದು ಉತ್ತರ ಕೊಟ್ಟರು. ಸಚಿವರೇ ಸೋಶಿಯಲ್ ಮೀಡಿಯಾ ನೋಡಿ ಎಂದರೆ, ಆ ಹೊತ್ತಿಗೆ ಅವರ ಮಾತಿನ ತೂಕವೂ ಒಂದು ಪೋಸ್ಟ್‌ನಷ್ಟೇ.

ಈ ಹಂತದಲ್ಲಿ ಕಿವಿ ನಿಮಿರಬೇಕಾದ ಪದಗಳು: "ಎನ್ನಲಾಗುತ್ತಿದೆ", "ಬಲ್ಲ ಮೂಲಗಳ ಪ್ರಕಾರ", "ಉನ್ನತ ಮೂಲಗಳು". ಹೆಡ್‌ಲೈನ್ ಕೊನೆಗೆ ಅಂಟಿಸಿದ ಪ್ರಶ್ನಾರ್ಥಕ ಚಿಹ್ನೆಯೂ ಅದೇ ಜಾತಿ.

## ಹಂತ 4: ವಿಡಿಯೊ, ಫೋಟೊ ಬಿಚ್ಚಿ ನೋಡಿ

ಜಾಸ್ತಿ ಜನ ಇಲ್ಲಿಂದ ಶುರು ಮಾಡುತ್ತಾರೆ, ಅದಕ್ಕೇ ಸುಸ್ತಾಗುತ್ತಾರೆ. ಮೊದಲ ಮೂರು ಹಂತ ದಾಟಿ ಬಂದದ್ದಕ್ಕೆ ಮಾತ್ರ ಈ ಶ್ರಮ ಹಾಕಿ. ಕ್ರಮ ಹೀಗಿರಲಿ.

ಒಂದು: ಹಳೆಯದಾ? ವಿಡಿಯೊದ ಮೂರು ನಾಲ್ಕು ಕಡೆ ಸ್ಕ್ರೀನ್‌ಶಾಟ್ ತೆಗೆಯಿರಿ. ಮೊದಲ ಫ್ರೇಮ್, ಬೋರ್ಡ್ ಅಥವಾ ಕಟ್ಟಡ ಕಾಣುವ ಫ್ರೇಮ್, ಬೆಂಕಿ ಏಳುವ ಫ್ರೇಮ್. ಚಾನೆಲ್ ಲೋಗೊ, ಕೆಳಗೆ ಓಡುವ ಅಕ್ಷರ ಎಲ್ಲ ಕತ್ತರಿಸಿ. ಆಮೇಲೆ ಲೆನ್ಸ್‌ಗೆ ಹಾಕಿ. ಸಿಗದಿದ್ದರೆ ಚಿತ್ರವನ್ನು ಎಡ-ಬಲ ತಿರುಗಿಸಿ ಮತ್ತೆ ಹಾಕಿ, ಏಕೆಂದರೆ ಕಳ್ಳರೂ ಹಾಗೆ ತಿರುಗಿಸಿಯೇ ಹಾಕಿರುತ್ತಾರೆ. ಕರಾಚಿ ಬಂದರಿನ ದಾಳಿ ಎಂದು ಓಡಿದ ಒಂದು ವಿಡಿಯೊ, 2025ರ ಜನವರಿ 31ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸಣ್ಣ ವಿಮಾನ ಬಿದ್ದದ್ದು. ಲೆನ್ಸ್‌ಗೆ ಹಾಕಿದ್ದರೆ ಒಂದು ನಿಮಿಷದ ಕೆಲಸ.

ಎರಡು: ಆಟದ್ದಾ? ಆರ್ಮಾ 3 ಎಂಬ ವಿಡಿಯೊ ಗೇಮ್‌ನ ದೃಶ್ಯಗಳು ಉಕ್ರೇನ್, ಗಾಜಾ, ಭಾರತ-ಪಾಕಿಸ್ತಾನ, ಮೂರರಲ್ಲೂ ಸುದ್ದಿಯಾಗಿ ಓಡಿವೆ. ಪಾಕಿಸ್ತಾನ ಸರ್ಕಾರದ ಅಧಿಕೃತ ಖಾತೆಯೇ ಒಂದನ್ನು ಹಾಕಿತ್ತು. ಬೇಸತ್ತ ಜೆಕ್ ಕಂಪನಿ, ಬೊಹೀಮಿಯಾ ಇಂಟರ್ಯಾಕ್ಟಿವ್, ತನ್ನದೇ ಆಟದ ವಿಡಿಯೊ ಹೇಗೆ ಗುರುತಿಸಬೇಕೆಂದು 2022ರ ನವೆಂಬರ್‌ನಲ್ಲಿ ಜನರಿಗೆ ತಿಳಿಸಿತು. ಚಿತ್ರ ಮಸುಕು, ಕ್ಯಾಮೆರಾ ಅಲುಗಾಡುತ್ತದೆ, ಹೆಚ್ಚಾಗಿ ರಾತ್ರಿ, ಸದ್ದು ಇರುವುದಿಲ್ಲ, ಮುಖ್ಯವಾಗಿ ಓಡಾಡುವ ಜನ ಇರುವುದಿಲ್ಲ. ನಿಜವಾದ ದಾಳಿಯ ವಿಡಿಯೊದಲ್ಲಿ ಯಾರಾದರೂ ಕಿರುಚುತ್ತಾರೆ, ಬೈಯುತ್ತಾರೆ, ನಾಯಿ ಬೊಗಳುತ್ತದೆ.

ಮೂರು: ಅದೇ ಜಾಗವಾ? ರಸ್ತೆ ನೋಡಿ. ಪಾಕಿಸ್ತಾನದಲ್ಲೂ ನಮ್ಮಂತೆ ಎಡಗಡೆ ವಾಹನ ಓಡಿಸುತ್ತಾರೆ. ಗಾಜಾ, ಉಕ್ರೇನ್, ಅಮೆರಿಕದಲ್ಲಿ ಬಲಗಡೆ. ಲಾಹೋರ್ ಎಂದು ತೋರಿಸಿದ ವಿಡಿಯೊದಲ್ಲಿ ಕಾರುಗಳು ಬಲಗಡೆ ಹೋಗುತ್ತಿದ್ದರೆ ಒಂದೋ ತಿರುಗಿಸಿದ್ದಾರೆ, ಇಲ್ಲವೇ ಬೇರೆ ದೇಶ. ಆಮೇಲೆ ಮಸೀದಿಯ ಗೋಪುರ, ನೀರಿನ ಟ್ಯಾಂಕ್, ಫ್ಲೈಓವರ್‌ನ ತಿರುವು ಇವನ್ನು ಗೂಗಲ್ ಅರ್ಥ್‌ನಲ್ಲಿ ಹೊಂದಿಸಿ.

ಜಾಗ ಹೊಂದಿಸುವುದರಿಂದ ಎಷ್ಟು ದೊಡ್ಡ ಸುಳ್ಳು ಬೀಳುತ್ತದೆ ನೋಡಿ. 2022ರ ಮೇ 11ರಂದು ವೆಸ್ಟ್ ಬ್ಯಾಂಕ್‌ನ ಜೆನಿನ್ ಊರಿನಲ್ಲಿ ಅಲ್ ಜಜೀರಾದ ವರದಿಗಾರ್ತಿ ಶಿರೀನ್ ಅಬು ಅಕ್ಲೆ ಗುಂಡೇಟಿಗೆ ಸತ್ತರು. ಪ್ಯಾಲೆಸ್ಟೀನಿ ಬಂದೂಕುಧಾರಿಗಳು ಓಣಿಯಲ್ಲಿ ಗುಂಡು ಹಾರಿಸುವ ವಿಡಿಯೊ ತೋರಿಸಿ, ಇವರದೇ ಗುಂಡು ಬಿದ್ದಿರಬೇಕು ಎಂದು ಇಸ್ರೇಲ್ ಕಡೆಯವರು ಹೇಳಿದರು. ವಿಡಿಯೊ ನಿಜವಾದದ್ದೇ, ಅದೇ ಊರಿನದ್ದೇ. ಆದರೆ ಇಸ್ರೇಲ್‌ನದೇ ಮಾನವ ಹಕ್ಕು ಸಂಸ್ಥೆ ಬಿತ್ಸೆಲೆಮ್ ಆ ಓಣಿಗೆ ಹೋಗಿ ನೋಡಿದಾಗ, ಅಲ್ಲಿಂದ ವರದಿಗಾರ್ತಿ ನಿಂತ ಜಾಗ ಕಾಣುವುದೇ ಇಲ್ಲ, ಮಧ್ಯೆ ಕಟ್ಟಡಗಳಿವೆ. ಸೆಪ್ಟೆಂಬರ್ 5ರಂದು ಇಸ್ರೇಲ್ ಸೇನೆಯೇ, ತಮ್ಮ ಸೈನಿಕನ ಗುಂಡು ತಪ್ಪಿ ತಗುಲಿರುವ ಸಾಧ್ಯತೆ ಹೆಚ್ಚು ಎಂದು ಒಪ್ಪಿಕೊಂಡಿತು. ನಿಜವಾದ ವಿಡಿಯೊ ಇಟ್ಟುಕೊಂಡೂ ಸುಳ್ಳು ಕಥೆ ಹೇಳಬಹುದು, ಇದನ್ನು ಮರೆಯಬೇಡಿ.

ನಾಲ್ಕು: ಸದ್ದು ಕೇಳಿ. ಬೆಳಕು ತಕ್ಷಣ ಕಾಣುತ್ತದೆ, ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಬೇಕು. ದೂರದ ಗುಡ್ಡದ ಮೇಲೆ ಬೆಂಕಿ ಎದ್ದ ಕ್ಷಣಕ್ಕೇ "ಢಂ" ಕೇಳಿದರೆ ಆ ಸದ್ದನ್ನು ಯಾರೋ ಆಮೇಲೆ ಸೇರಿಸಿದ್ದಾರೆ.

ಐದು: ಮೇಲಿಂದ ನೋಡಿ, ಆದರೆ ಮಿತಿ ಗೊತ್ತಿರಲಿ. ಕೋಪರ್ನಿಕಸ್‌ನಲ್ಲಿ ಉಚಿತವಾಗಿ ಸಿಗುವ ಸೆಂಟಿನೆಲ್-2 ಚಿತ್ರದಲ್ಲಿ ಒಂದು ಚುಕ್ಕಿ ಎಂದರೆ ನೆಲದ 10 ಮೀಟರ್. ಯುದ್ಧವಿಮಾನ ಸುಮಾರು 15 ಮೀಟರ್ ಉದ್ದ, ಅಂದರೆ ಒಂದೂವರೆ ಚುಕ್ಕಿ. ದೊಡ್ಡ ಹ್ಯಾಂಗರ್ ಸುಟ್ಟರೆ ಕಾಣಬಹುದು, ರನ್‌ವೇ ಮೇಲಿನ ಸಣ್ಣ ಗುಂಡಿ ಕಾಣುವುದಿಲ್ಲ. "ಉಪಗ್ರಹ ಚಿತ್ರದಲ್ಲಿ ಏನೂ ಇಲ್ಲ, ಹಾಗಾಗಿ ಏನೂ ಆಗಿಲ್ಲ" ಎನ್ನುವ ವಾದ ಈ ಚಿತ್ರಗಳಿಂದ ನಿಲ್ಲುವುದಿಲ್ಲ.

ಫರ್ಮ್ಸ್ ನಕ್ಷೆಯಲ್ಲೂ ಇಂಥದ್ದೇ ಗುಂಡಿ ಇದೆ. ಅದು ಶಾಖ ಗುರುತಿಸುತ್ತದೆ, ಯಾರು ಬೆಂಕಿ ಹಚ್ಚಿದರು ಎಂದು ಹೇಳುವುದಿಲ್ಲ. ಏಪ್ರಿಲ್-ಮೇನಲ್ಲಿ ಗಡಿಯ ಎರಡೂ ಕಡೆಯ ಪಂಜಾಬ್‌ನಲ್ಲಿ ಗೋಧಿ ಕೊಯ್ದ ಮೇಲೆ ಕೂಳೆ ಸುಡುತ್ತಾರೆ. ಕೆಂಪು ಚುಕ್ಕಿ ಕಂಡ ಕೂಡಲೇ ಕ್ಷಿಪಣಿ ಎಂದರೆ ರೈತ ನಗುತ್ತಾನೆ.

ವಾಟ್ಸಾಪ್‌ನಲ್ಲಿ ಬಂದ ಫೋಟೊದಲ್ಲಿ ತೆಗೆದ ದಿನಾಂಕ, ಜಾಗದ ಮಾಹಿತಿ ಅಳಿಸಿಹೋಗಿರುತ್ತದೆ. ಅದನ್ನು ಹುಡುಕುತ್ತಾ ಸುಮ್ನೆ ಸಮಯ ಕಳೆಯಬೇಡಿ.

## ಹಂತ 5: ಎದುರಿನವರು ಏನು ಒಪ್ಪಿಕೊಂಡರು ನೋಡಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವ ಹಂತ ಇದೇ, ಅತಿ ಕಡಿಮೆ ಜನ ಮಾಡುವುದೂ ಇದೇ. ಬದು ಜಗಳದಲ್ಲಿ ಇಬ್ಬರೂ ತಮ್ಮದೇ ಸರಿ ಎನ್ನುತ್ತಾರೆ, ಆದರೆ ಒಬ್ಬ "ಹೌದು, ನನ್ನ ಎತ್ತು ಅವನ ಹೊಲಕ್ಕೆ ನುಗ್ಗಿದ್ದು ನಿಜ" ಎಂದರೆ ಪಂಚಾಯಿತಿಗೆ ಅಷ್ಟು ಸಾಕು. ತನಗೇ ನಷ್ಟ ಆಗುವ ಮಾತನ್ನು ಯಾರೂ ಸುಮ್ನೆ ಹೇಳುವುದಿಲ್ಲ.

ಮೇ 10ರ ಬೆಳಗಿನ ಜಾವ ಪಾಕಿಸ್ತಾನ ಸೇನೆಯ ವಕ್ತಾರರೇ ನೂರ್ ಖಾನ್, ಮುರೀದ್, ಶೋರ್ಕೋಟ್ ವಾಯುನೆಲೆಗಳ ಮೇಲೆ ಭಾರತ ಕ್ಷಿಪಣಿ ಹಾರಿಸಿದೆ ಎಂದು ಹೇಳಿದರು. ಜೊತೆಗೆ, ನಮ್ಮದೆಲ್ಲ ಸುರಕ್ಷಿತ ಎಂದೂ ಸೇರಿಸಿದರು. ಇದನ್ನು ಎರಡು ತುಂಡು ಮಾಡಿ. ದಾಳಿ ಆಯಿತು ಎಂಬುದು ಅವರಿಗೆ ಮುಜುಗರದ ಮಾತು, ಅದನ್ನು ತೆಗೆದುಕೊಳ್ಳಿ. ಎಲ್ಲ ಸುರಕ್ಷಿತ ಎಂಬುದು ಅವರಿಗೆ ಅನುಕೂಲದ ಮಾತು, ಅದನ್ನು ಬದಿಗಿಡಿ. ಮುಂದೆ ಖಾಸಗಿ ಕಂಪನಿಗಳ ಉಪಗ್ರಹ ಚಿತ್ರಗಳಲ್ಲಿ ನೂರ್ ಖಾನ್‌ನಲ್ಲೂ ಬೇರೆ ನೆಲೆಗಳಲ್ಲೂ ಹಾನಿ ಕಂಡಿತು.

ಅದೇ ಅಳತೆ ನಮ್ಮ ಕಡೆಗೂ. ವಿಮಾನ ಕಳೆದುಕೊಂಡೆವಾ ಎಂಬ ಪ್ರಶ್ನೆಗೆ ಮೊದಲ ದಿನಗಳಲ್ಲಿ ಭಾರತದಿಂದ ನೇರ ಉತ್ತರ ಇರಲಿಲ್ಲ. ಮೇ 31ರಂದು ಸಿಂಗಪುರದಲ್ಲಿ ಸಿಡಿಎಸ್, ಅಂದರೆ ಮೂರೂ ಪಡೆಗಳ ಮುಖ್ಯಸ್ಥ, ಜನರಲ್ ಅನಿಲ್ ಚೌಹಾಣ್ ನಷ್ಟ ಆಗಿದ್ದನ್ನು ಒಪ್ಪಿಕೊಂಡರು, ಸಂಖ್ಯೆ ಹೇಳಲಿಲ್ಲ, ಆರು ವಿಮಾನ ಎಂಬ ಪಾಕಿಸ್ತಾನದ ಆಮೇಲಿನ ಲೆಕ್ಕ ಪೂರ್ತಿ ತಪ್ಪು ಎಂದರು. ಇಲ್ಲೂ ಮೊದಲ ತುಂಡು ಗಟ್ಟಿ.

ಇನ್ನು ಕರಾಚಿ. ಮೇ 8ರ ರಾತ್ರಿ ಬಂದರೇ ಹೋಯಿತು ಎಂದು ಚಾನೆಲ್‌ಗಳು ಕೂಗಿದವು. ಕರಾಚಿ ಪೋರ್ಟ್ ಟ್ರಸ್ಟ್‌ನ ಎಕ್ಸ್ ಖಾತೆಯಲ್ಲೂ ಹಾನಿ ಆಗಿದೆ ಎಂದು ಪೋಸ್ಟ್ ಬಂತು, ಆಮೇಲೆ ಖಾತೆ ಹ್ಯಾಕ್ ಆಗಿತ್ತು ಎಂದರು. ಆದರೆ ಮೇ 11ರ ಪತ್ರಿಕಾಗೋಷ್ಠಿಯಲ್ಲಿ ವೈಸ್ ಅಡ್ಮಿರಲ್ ಎ.ಎನ್. ಪ್ರಮೋದ್ ಹೇಳಿದ್ದು, ಕರಾಚಿ ಸೇರಿದಂತೆ ಗುರಿಗಳನ್ನು ಬೇಕೆಂದಾಗ ಹೊಡೆಯಲು ನೌಕಾಪಡೆ ಸಜ್ಜಾಗಿತ್ತು ಎಂದು ಮಾತ್ರ. ಹೊಡೆದಿದ್ದೇ ಆಗಿದ್ದರೆ ಹೇಳಿಕೊಳ್ಳಲು ಅದಕ್ಕಿಂತ ಒಳ್ಳೆಯ ವೇದಿಕೆ ಇರಲಿಲ್ಲ.

ಒಪ್ಪಿಗೆಯ ಮಾತಿಗೆ ಇಷ್ಟು ಬೆಲೆ ಇರುವುದರಿಂದಲೇ ಅದರ ನಕಲಿಯೂ ಬರುತ್ತದೆ. ಪಾಕ್ ಸೇನಾ ವಕ್ತಾರ ಎರಡು ಜೆಎಫ್-17 ಯುದ್ಧವಿಮಾನ ಕಳೆದುಕೊಂಡೆವು ಎಂದು ಒಪ್ಪುವ ವಿಡಿಯೊ ಓಡಿತಲ್ಲ, ಅದು ಹಳೆಯ ಪತ್ರಿಕಾಗೋಷ್ಠಿಗೆ ಎಐ ಧ್ವನಿ ಕೂರಿಸಿದ ಡೀಪ್‌ಫೇಕ್. ಒಪ್ಪಿಗೆ ಕಂಡರೆ ಪೂರ್ತಿ ಪತ್ರಿಕಾಗೋಷ್ಠಿ ಹುಡುಕಿ ಕೇಳಿ, ಮೂವತ್ತು ಸೆಕೆಂಡಿನ ತುಂಡು ಬೇಡ.

ಹಾಗೆಂದು "ಇಬ್ಬರೂ ಸುಳ್ಳು ಹೇಳ್ತಾರೆ, ಸತ್ಯ ಮಧ್ಯದಲ್ಲಿ ಎಲ್ಲೋ ಇದೆ" ಎಂದು ಎದ್ದು ಹೋಗಬೇಡಿ. ಅದು ಸೋಮಾರಿತನ. ಉಕ್ರೇನ್‌ನ ಬುಚಾ ಊರಿನಲ್ಲಿ ಬೀದಿಯ ಹೆಣಗಳು ತಾವು ಹೋದ ಮೇಲೆ ತಂದು ಹಾಕಿದ್ದು ಎಂದು ರಷ್ಯಾ ಹೇಳಿತು. ರಷ್ಯಾದ ಸೈನಿಕರು ಹೊರಟಿದ್ದು 2022ರ ಮಾರ್ಚ್ ಕೊನೆಗೆ. ಮಾರ್ಚ್ ಮಧ್ಯದ ಉಪಗ್ರಹ ಚಿತ್ರಗಳಲ್ಲೇ, ಊರು ಅವರ ಕೈಯಲ್ಲಿದ್ದಾಗಲೇ, ಆ ಬೀದಿಯಲ್ಲಿ ಹೆಣಗಳು ಕಾಣುತ್ತವೆ. ಇದರಲ್ಲಿ ಮಧ್ಯ ಎಂಬ ಜಾಗವೇ ಇಲ್ಲ.

## ಹಂತ 6: ಸಾವಿನ ಸಂಖ್ಯೆಯನ್ನು ಪ್ರತ್ಯೇಕವಾಗಿ ನೋಡಿ

ಘಟನೆ ನಿಜ ಇದ್ದು ಸಂಖ್ಯೆ ಸುಳ್ಳಾಗಿರಬಹುದು. ಯಾರು ಎಣಿಸಿದರು, ಹೇಗೆ ಎಣಿಸಿದರು, ಹೆಸರು ಇದೆಯಾ ಎಂದು ಕೇಳಿ.

2023ರ ಅಕ್ಟೋಬರ್ 17ರಂದು ಗಾಜಾದ ಅಲ್ ಅಹ್ಲಿ ಆಸ್ಪತ್ರೆಯ ಸ್ಫೋಟದಲ್ಲಿ ನೂರಾರು ಜನ ಸತ್ತರು, ಇಸ್ರೇಲ್ ಮಾಡಿದ್ದು ಎಂದು ಹಮಾಸ್ ಕಡೆಯ ಅಧಿಕಾರಿಗಳು ಬೇಗನೆ ಹೇಳಿದರು. ಪ್ಯಾಲೆಸ್ಟೀನಿ ರಾಕೆಟ್ ತಪ್ಪಿ ಬಿದ್ದದ್ದು ಎಂದು ಇಸ್ರೇಲ್. ಗಾಜಾದ ಆರೋಗ್ಯ ಇಲಾಖೆ 471 ಎಂದಿತು, ಅಮೆರಿಕದ ಗುಪ್ತಚರರು 100ರಿಂದ 300 ಎಂದರು. ರಾತ್ರಿಯ ಕತ್ತಲಲ್ಲಿ ಸ್ಫೋಟವಾಗಿ ಸ್ವಲ್ಪ ಹೊತ್ತಿಗೇ ಬರುವ ದೊಡ್ಡ ಸಂಖ್ಯೆ ಎಣಿಸಿದ್ದಾಗಿರಲು ಸಾಧ್ಯವಿಲ್ಲ, ಅಂದಾಜು ಅಷ್ಟೇ. ಆದರೆ ಅದೇ ಇಲಾಖೆ ಆ ತಿಂಗಳ ಕೊನೆಗೆ ಯುದ್ಧದಲ್ಲಿ ಸತ್ತವರ ಹೆಸರು, ವಯಸ್ಸು, ಗುರುತಿನ ಸಂಖ್ಯೆ ಇರುವ ಪಟ್ಟಿ ಕೊಟ್ಟಿತು. ಅದರಲ್ಲಿ ಹೋರಾಟಗಾರರು ಯಾರು, ನಾಗರಿಕರು ಯಾರು ಎಂದು ಬೇರೆ ಮಾಡಿರಲಿಲ್ಲ. ಆದರೂ ಹೆಸರಿರುವ ಪಟ್ಟಿಯನ್ನು ಪರೀಕ್ಷೆ ಮಾಡಬಹುದು. ಒಂದೇ ಇಲಾಖೆಯ ಎರಡು ಸಂಖ್ಯೆಗೆ ಎರಡು ಬೇರೆ ತೂಕ, ಗಮನಿಸಿದಿರಾ?

ಸೇನೆಗಳು ತಮ್ಮ ನಷ್ಟವನ್ನು ಕಂತಿನಲ್ಲಿ ಬಿಡುತ್ತವೆ. 2022ರ ಏಪ್ರಿಲ್‌ನಲ್ಲಿ ತನ್ನ ಮೊಸ್ಕ್ವಾ ಯುದ್ಧನೌಕೆಗೆ ಬೆಂಕಿ ಬಿದ್ದಿದೆ, ಸಿಬ್ಬಂದಿ ಎಲ್ಲರನ್ನೂ ಇಳಿಸಿದ್ದೇವೆ ಎಂದು ರಷ್ಯಾ ಹೇಳಿತು. ಒಂದು ವಾರದ ಮೇಲೆ ಒಬ್ಬ ಸತ್ತ, 27 ಜನ ಕಾಣೆ ಎಂದಿತು. ಒಪ್ಪಿಕೊಂಡ ಸಂಖ್ಯೆಯನ್ನು "ಕನಿಷ್ಠ ಇಷ್ಟು" ಎಂದು ಬರೆದುಕೊಳ್ಳಿ, "ಇಷ್ಟೇ" ಎಂದಲ್ಲ.

## ಹಂತ 7: ತಪ್ಪಾದಾಗ ಏನು ಮಾಡಿದರು ಎಂದು ಗುರುತು ಹಾಕಿಕೊಳ್ಳಿ

ಈಗ ಬೇಕಾದರೆ ಚಾನೆಲ್‌ಗೆ ಮಾರ್ಕ್ಸ್ ಕೊಡಿ. ಎಷ್ಟು ಸಲ ತಪ್ಪಿದರು ಎನ್ನುವುದಕ್ಕಿಂತ ತಪ್ಪಿದ ಮೇಲೆ ಏನು ಮಾಡಿದರು ಎನ್ನುವುದು ಮುಖ್ಯ. ಅಲ್ ಅಹ್ಲಿ ವಿಷಯದಲ್ಲಿ ಹಮಾಸ್ ಮಾತನ್ನು ಜಾಸ್ತಿ ನೆಚ್ಚಿಕೊಂಡೆವು ಎಂದು ನ್ಯೂಯಾರ್ಕ್ ಟೈಮ್ಸ್ ಆರು ದಿನದಲ್ಲಿ ಸಂಪಾದಕರ ಟಿಪ್ಪಣಿ ಹಾಕಿತು. ರಷ್ಯಾದ ವಿಮಾನಗಳನ್ನು ಒಬ್ಬನೇ ಹೊಡೆದುರುಳಿಸುವ ಪೈಲಟ್ "ಕೀವ್‌ನ ಭೂತ" ಬರೀ ಕಥೆ ಎಂದು ಉಕ್ರೇನ್ ವಾಯುಪಡೆಯೇ 2022ರ ಏಪ್ರಿಲ್ 30ರಂದು ಹೇಳಿತು, ಎರಡು ತಿಂಗಳು ಆ ಕಥೆಯ ಲಾಭ ಪಡೆದ ಮೇಲೆ. ಎರಡಕ್ಕೂ ಮಾರ್ಕ್ಸ್ ಇದೆ, ಸಮ ಇಲ್ಲ.

ಪೂಂಚ್‌ನಲ್ಲಿ ಪಾಕಿಸ್ತಾನದ ಶೆಲ್ ದಾಳಿಗೆ ಸತ್ತ ಒಬ್ಬ ಸ್ಥಳೀಯ ಶಿಕ್ಷಕನನ್ನು ನಮ್ಮ ಕೆಲವು ಚಾನೆಲ್‌ಗಳು ಭಯೋತ್ಪಾದಕ ಎಂದು ತೋರಿಸಿದವು. ಪೂಂಚ್ ಪೊಲೀಸರು ಹೇಳಿಕೆ ಕೊಟ್ಟು ಅಲ್ಲಗಳೆಯಬೇಕಾಯಿತು. ಇಂಥ ವಿಡಿಯೊಗಳು ಮರುದಿನ ಸದ್ದಿಲ್ಲದೆ ಮಾಯವಾಗುತ್ತವೆ. ಅದಕ್ಕೇ ಲಿಂಕ್ ಕಂಡ ತಕ್ಷಣ ವೇಬ್ಯಾಕ್‌ನಲ್ಲಿ ಉಳಿಸಿ, ದಿನಾಂಕದ ಜೊತೆ ಸ್ಕ್ರೀನ್‌ಶಾಟ್ ತೆಗೆದಿಡಿ.

## ಜಾಸ್ತಿ ಜನ ಎಡವುವ ಜಾಗಗಳು

ಪಿಐಬಿ ಫ್ಯಾಕ್ಟ್‌ಚೆಕ್ ಹೇಳಿತು ಎಂದು ಮುಗಿಸಿಬಿಡುವುದು. ಎದುರಿನ ಸುಳ್ಳನ್ನು ಅದು ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಅದು ಸರ್ಕಾರದ ಸಂಸ್ಥೆ, ಸರ್ಕಾರದ್ದೇ ಮಾತನ್ನು ಪರೀಕ್ಷೆ ಮಾಡಲಿ ಎಂದು ಅದರಿಂದ ನಿರೀಕ್ಷಿಸಬೇಡಿ. ಪಾಕಿಸ್ತಾನದ ಇಂಥ ಖಾತೆಗೂ ಇದೇ ಮಾತು.

ಚಾಟ್‌ಬಾಟ್ ಕೇಳುವುದು. ಸುಡಾನ್‌ನ ಖಾರ್ಟೂಮ್ ವಿಮಾನ ನಿಲ್ದಾಣದ ಹಳೆಯ ವಿಡಿಯೊವನ್ನು ನೂರ್ ಖಾನ್ ಮೇಲಿನ ದಾಳಿ ಎಂದು ಎಕ್ಸ್‌ನ ಚಾಟ್‌ಬಾಟ್ ಗ್ರೋಕ್ ಧೈರ್ಯವಾಗಿ ಹೇಳಿತ್ತು.

ಸೈರನ್ ಕೇಳಿ ಗಾಬರಿಯಾಗುವುದು. ಸ್ಟುಡಿಯೊದವರು ಸೈರನ್ ಸದ್ದನ್ನು ಹಿನ್ನೆಲೆ ಸಂಗೀತದಂತೆ ಬಳಸುತ್ತಿದ್ದರು, ಜನ ನಿಜವಾದ ಸೈರನ್‌ಗೆ ಕಿವಿಗೊಡದಂತಾಗುತ್ತಾರೆ ಎಂದು ಕೇಂದ್ರದ ನಾಗರಿಕ ರಕ್ಷಣಾ ವಿಭಾಗ ಅದನ್ನು ಬಳಸಬೇಡಿ ಎಂದು ಸೂಚನೆ ಕೊಡಬೇಕಾಯಿತು. ಮಾತಿಗಿಂತ ಮ್ಯೂಸಿಕ್ ಜೋರಾಗಿದ್ದರೆ ಮ್ಯೂಟ್ ಮಾಡಿ ನೋಡಿ. ಉಳಿಯುವ ಸುದ್ದಿ ಎಷ್ಟು ಎಂದು ಗೊತ್ತಾಗುತ್ತದೆ.

ನಿಮಗೆ ತುಂಬಾ ಖುಷಿ ಕೊಡುವ ಸುದ್ದಿಯನ್ನು ಪರೀಕ್ಷೆ ಮಾಡದೇ ಬಿಡುವುದು. ಸಿಟ್ಟು ಬರಿಸುವ ಸುದ್ದಿಯನ್ನಾದರೂ ಎರಡು ಸಲ ನೋಡುತ್ತೇವೆ, ಖುಷಿಯದ್ದು ನೇರ ಫ್ಯಾಮಿಲಿ ಗ್ರೂಪ್‌ಗೆ ಹೋಗುತ್ತದೆ.

## ಹಂತ 8: ತೀರ್ಪನ್ನು ಪೆನ್ಸಿಲ್‌ನಲ್ಲಿ ಬರೆಯಿರಿ

ನಿಜ, ಸುಳ್ಳು ಎಂದು ಎರಡೇ ಪೆಟ್ಟಿಗೆ ಇಟ್ಟುಕೊಂಡರೆ ಸಾಲದು. ನಾಲ್ಕು ಇರಲಿ: ಖಚಿತ, ಸುಳ್ಳು, ಒಂದು ಕಡೆಯವರ ಮಾತು ಮಾತ್ರ, ಇನ್ನೂ ಗೊತ್ತಿಲ್ಲ. ಪಕ್ಕದಲ್ಲಿ ಮತ್ತೆ ನೋಡಬೇಕಾದ ದಿನಾಂಕ ಹಾಕಿ. ಎರಡು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ, ತಿಂಗಳು ಬಿಟ್ಟು ಒಮ್ಮೆ. ಯುದ್ಧದ ನಿಜಗಳು ನಿಧಾನಕ್ಕೆ ಬರುತ್ತವೆ, ಅದಕ್ಕೇ ಪೆನ್ಸಿಲ್.

ಮೇ 2025ರ ಪುಟ ಹೀಗಿರುತ್ತದೆ:

ಕರಾಚಿ ಬಂದರು ಧ್ವಂಸ: ಸುಳ್ಳು.

ನೂರ್ ಖಾನ್ ಮೇಲೆ ದಾಳಿ: ಖಚಿತ. ಹಾನಿ ಆಗಿದೆ: ಖಚಿತ. ಎಷ್ಟು: ಪೂರ್ತಿ ಗೊತ್ತಿಲ್ಲ.

ಪಂಜಾಬ್‌ನ ಆದಂಪುರ ವಾಯುನೆಲೆಯಲ್ಲಿ ನಮ್ಮ ಎಸ್-400 ವಾಯುರಕ್ಷಣಾ ವ್ಯವಸ್ಥೆ ನಾಶ: ಪಾಕಿಸ್ತಾನದ ಮಾತು ಮಾತ್ರ. ಮೇ 13ರಂದು ಪ್ರಧಾನಿ ಮೋದಿ ಅಲ್ಲಿಗೆ ಹೋದಾಗ ಹಿಂದೆ ಎಸ್-400 ಲಾಂಚರ್ ನಿಂತಿತ್ತು. ಅದೊಂದು ಲಾಂಚರ್ ಚೆನ್ನಾಗಿದೆ ಎಂದಷ್ಟೇ ಆ ಫೋಟೊ ಹೇಳುತ್ತದೆ, ಆದರೆ ನಾಶವಾಗಿದೆ ಎನ್ನುವವರು ಅಷ್ಟೂ ತೋರಿಸಲಿಲ್ಲ.

ಭಾರತ ವಿಮಾನ ಕಳೆದುಕೊಂಡಿದ್ದು: ಖಚಿತ, ಮೇ 31ರಿಂದ. ಎಷ್ಟು: ಗೊತ್ತಿಲ್ಲ.

ಪಾಕಿಸ್ತಾನದ ಐದು ಯುದ್ಧವಿಮಾನ, ಒಂದು ದೊಡ್ಡ ವಿಮಾನ ಬಿದ್ದದ್ದು: 2025ರ ಆಗಸ್ಟ್ 9ರಂದು ಬೆಂಗಳೂರಿನಲ್ಲಿ ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್ ಹೇಳಿದರು, ಪಾಕಿಸ್ತಾನ ಒಂದೂ ಇಲ್ಲ ಎಂದಿತು. ಒಂದು ಕಡೆಯವರ ಮಾತು, ಹೆಸರು ಹಾಕಿ ಜವಾಬ್ದಾರಿಯಿಂದ ಹೇಳಿದ್ದು. ಎದುರಿನವರ ಒಪ್ಪಿಗೆಯಾಗಲಿ ಅವಶೇಷದ ಚಿತ್ರವಾಗಲಿ ಬಂದರೆ ಪೆಟ್ಟಿಗೆ ಬದಲಿಸುವುದು.